ಯಾರೂ ಎತ್ತದ ಫೋನು

ಏನಾದರೂ ಮಾರಲು ಬಂದವನನ್ನು ನಮ್ಮ ಕಡೆಯ ಜನ ಬಾಗಿಲಲ್ಲೇ ನಿಲ್ಲಿಸಬಹುದು, ನಾಳೆ ಬನ್ನಿ ಎಂದು ಸಾಗಹಾಕಬಹುದು, ಆದರೆ ಅವನ ಮೇಲೆ ಅನುಮಾನ ಪಡುವುದಿಲ್ಲ. ಅವನು ಯಾಕೆ ಬಂದ ಎಂಬುದು ಅವರಿಗೆ ಗೊತ್ತಿರುತ್ತದೆ. ಅನುಮಾನ ಹುಟ್ಟುವುದು, ‘ನಿಮ್ಮ ಹತ್ತಿರ ಇರುವುದರಲ್ಲಿ ಅರ್ಧ ದಂಡ, ತೆಗೆಸಿಬಿಡಿ’ ಎಂದು ಹೇಳಲು ಹೋದವನ ಮೇಲೆ. ನನ್ನ ಕಸುಬೇ ಅದು. ಅಂಗಡಿ, ಲಾಡ್ಜು, ಎಸ್ಟೇಟು, ಮಿಲ್ಲು ಇಂಥವರ ಫೋನು ಮತ್ತು ಇಂಟರ್ನೆಟ್ ಬಿಲ್ಲುಗಳನ್ನು ನೋಡಿ, ಯಾವ ಕನೆಕ್ಷನ್ ಬೇಕು, ಯಾವುದು ಬೇಡ, ಯಾವ ಪ್ಲಾನ್ ಹಾಕಿದರೆ ಅಗ್ಗ ಎಂದು ಹೇಳಿ, ಉಳಿತಾಯದಲ್ಲಿ ಸ್ವಲ್ಪ ಪಾಲು ಪಡೆಯುವುದು. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಬೋರ್ಡ್ ಓದಿ ಯಾರಿಗೂ ಏನೂ ಅರ್ಥವಾಗುವುದಿಲ್ಲ. ರೀಚಾರ್ಜ್ ಮಾಡಿಸಲು ಬರುತ್ತಾರೆ, ನೀರಿಗೆ ಬಿದ್ದ ಮೊಬೈಲು ತರುತ್ತಾರೆ, ಒಬ್ಬರಂತೂ ಟಿವಿ ರಿಮೋಟ್ ತಂದು ಮೇಜಿನ ಮೇಲಿಟ್ಟು ‘ಅರ್ಜೆಂಟಿಲ್ಲ, ನಿಧಾನ ನೋಡಿ’ ಎಂದು ಹೋದರು. ನನ್ನ ಹೆಂಡತಿ ನೆಂಟರಿಗೆ ಇದನ್ನೆಲ್ಲ ವಿವರಿಸುವ ಗೋಜಿಗೆ ಹೋಗುವುದಿಲ್ಲ. ‘ಇವರದ್ದು ಮೊಬೈಲ್ ಅಂಗಡಿ’ ಎಂದು ಮುಗಿಸಿಬಿಡುತ್ತಾಳೆ.

ಇದಕ್ಕೆ ಮೊದಲು ಹಲವು ವರ್ಷ ನಾನು ಇದೇ ಕನೆಕ್ಷನ್‌ಗಳನ್ನು ಮಾರುವ ಕೆಲಸದಲ್ಲಿದ್ದೆ. ಆದ್ದರಿಂದ ಯಾವ ಮೂಲೆಯಲ್ಲಿ ಎಂಥ ದಂಡದ ಖರ್ಚು ಅಡಗಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಬಸರೀಕಟ್ಟೆ ಕಡೆಯ ಒಂದು ಎಸ್ಟೇಟಿನವರು ಎಂದೋ ಮಾರಿದ್ದ ಜೀಪಿನ ಹೆಸರಿನಲ್ಲಿ ಸಿಮ್‌ಗೆ ದುಡ್ಡು ಕಟ್ಟುತ್ತಲೇ ಇದ್ದರು. ನರಸಿಂಹರಾಜಪುರದ ಒಬ್ಬ ಮಿಲ್ ಮಾಲೀಕರು ಮಹಾ ಗಂಭೀರ ಮನುಷ್ಯ, ನಕ್ಕಿದ್ದನ್ನು ಕಂಡವರಿಲ್ಲ. ಅವರ ನಂಬರಿಗೆ ಫೋನ್ ಮಾಡಿದರೆ ಮಾತ್ರ ಪ್ರೇಮಗೀತೆಯೊಂದು ಉಕ್ಕಿ ಹರಿಯುತ್ತಿತ್ತು. ಅದಕ್ಕೆ ತಿಂಗಳು ತಿಂಗಳು ದುಡ್ಡು ಹೋಗುತ್ತಿದೆ ಎನ್ನುವುದಿರಲಿ, ಅಂಥದ್ದೊಂದು ಇದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅವರು ತಮಗೆ ತಾವೇ ಫೋನ್ ಮಾಡಿಕೊಂಡವರಲ್ಲವಲ್ಲ. ನಾನು ಆ ಕಾಲರ್ ಟ್ಯೂನನ್ನು ತೆಗೆಸಿದೆ. ವಾರದೊಳಗೆ ಅವರ ಗಿರಾಕಿಗಳು ‘ಯಜಮಾನರಿಗೆ ಹುಷಾರಿಲ್ವ?’ ಎಂದು ವಿಚಾರಿಸತೊಡಗಿದರಂತೆ.

ಜಲಜಕ್ಕನ ಹತ್ತಿರ ನನ್ನನ್ನು ಕಳಿಸಿದ್ದು ಇದೇ ಮಿಲ್ಲಿನವರು. ಜಲಜಕ್ಕ ನಮ್ಮ ಮೂರು ತಾಲೂಕಿಗೂ ಮದುವೆ ಮುಂಜಿಯ ಅಡುಗೆ ಒದಗಿಸುವವರು. ಪಾತ್ರೆ ಬಾಡಿಗೆಯ ಅಂಗಡಿ ಕೊಪ್ಪದಲ್ಲಿ, ಗೋಡೌನ್ ನರಸಿಂಹರಾಜಪುರದಲ್ಲಿ, ದೊಡ್ಡ ಅಡುಗೆಮನೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ. ಇವರು ಒಪ್ಪಿದರೆ ಇವರ ಹಿಂದೆ ಛತ್ರದವರು, ಶಾಮಿಯಾನದವರು, ಲಾಡ್ಜಿನವರು ಎಲ್ಲರೂ ಬರುತ್ತಾರೆ. ಇವರು ಬೇಡವೆಂದರೆ ನಾನು ಬೋರ್ಡ್ ಇಳಿಸಿ ನಿಜವಾಗಿ ಮೊಬೈಲ್ ಅಂಗಡಿ ಇಡಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರ ಪಾತ್ರೆ ಅಂಗಡಿಗೆ ಹೋದೆ.

‘ನೀವು ಎಂತ ಮಾರೋದು?’ ಎಂದು ಜಲಜಕ್ಕ ಸೌಟು ಎಣಿಸುತ್ತಲೇ ಕೇಳಿದರು.

‘ನಾನು ಏನೂ ಮಾರೋದಿಲ್ಲ ಅಕ್ಕ.’

‘ಏನೂ ಮಾರದವರು ಇಲ್ಲಿಗೆ ಎಂತಕ್ಕೆ ಬಂದ್ರಿ?’

ವಿವರಿಸಿದೆ. ಅವರು ಪೂರ್ತಿ ಕೇಳಿ, ‘ಅಂದ್ರೆ ನನಗೆ ಉಳಿಸಿಕೊಡೋದಕ್ಕೆ ನಾನೇ ನಿಮಗೆ ಕೊಡಬೇಕು’ ಎಂದರು. ಅಷ್ಟು ಚೊಕ್ಕವಾಗಿ ನನ್ನ ಕಸುಬನ್ನು ನಾನೂ ಹೇಳಿರಲಿಲ್ಲ. ಆದರೂ ಕಾಫಿ ಕೊಟ್ಟು, ಬಿಲ್ಲುಗಳ ಚೀಲ ತಂದು ಮುಂದೆ ಸುರಿದರು.

ನೋಡುತ್ತಾ ಹೋದರೆ ನನ್ನಂಥವನಿಗೆ ಹಬ್ಬದೂಟ. ನರಸಿಂಹರಾಜಪುರದ ಗೋಡೌನಿನಲ್ಲಿ ಕೊಪ್ಪರಿಗೆ, ಹಂಡೆ, ಬಕೆಟ್ಟು ಬಿಟ್ಟರೆ ನರಪಿಳ್ಳೆ ಇಲ್ಲ, ಆದರೆ ಭರ್ಜರಿ ಇಂಟರ್ನೆಟ್ ಇತ್ತು. ಎಂದೋ ಸಿಸಿ ಕ್ಯಾಮೆರಾ ಹಾಕಿಸಿದ್ದರಂತೆ. ಅದು ಸಿಡಿಲು ಹೊಡೆದು ಸುಟ್ಟುಹೋಗಿದೆ, ಇಂಟರ್ನೆಟ್ ಮಾತ್ರ ಕೊಪ್ಪರಿಗೆಗಳ ಸೇವೆಯಲ್ಲಿ ಉಳಿದಿದೆ. ಕೆಲಸ ಬಿಟ್ಟು ಹೋದ ಡ್ರೈವರುಗಳ ಸಿಮ್ಮುಗಳು ಇನ್ನೂ ಜೀವಂತ. ಅದನ್ನೆಲ್ಲ ಹೇಳುವಾಗ ಜಲಜಕ್ಕನ ಮುಖದಲ್ಲಿ ಅನುಮಾನ ಸ್ವಲ್ಪ ಸ್ವಲ್ಪವಾಗಿ ಕರಗುವುದು ಕಾಣಿಸುತ್ತಿತ್ತು. ಕೊನೆಗೆ ಉಳಿದದ್ದು ಮೆಣಸೆ ಅಡುಗೆಮನೆಯ ಲ್ಯಾಂಡ್‌ಲೈನು. ಅದರಿಂದ ಹೊರಗೆ ಒಂದೇ ಒಂದು ಕಾಲ್ ಹೋಗಿರಲಿಲ್ಲ; ಬರೀ ಬಾಡಿಗೆ ಕಟ್ಟಿದ್ದೇ ಕಟ್ಟಿದ್ದು. ಆದರೂ ನಾನು ಜವಾಬ್ದಾರಿಯ ಮನುಷ್ಯ. ಕೇಳದೆ ಏನನ್ನೂ ಮಾಡುವುದಿಲ್ಲ.

‘ಅಕ್ಕ, ಮೆಣಸೆಯ ಫೋನು ಯಾರು ಎತ್ತೋದು?’

‘ಅದನ್ನಾ? ಯಾರೂ ಎತ್ತೋದಿಲ್ಲ.’

ನಾನು ಗುರುತು ಹಾಕಿಕೊಂಡೆ. ಮುಂದಿನ ವಾರ ತೆಗೆಸಬೇಕಾದ ಕನೆಕ್ಷನ್‌ಗಳ ಅರ್ಜಿಗಳನ್ನೆಲ್ಲ ಒಟ್ಟಿಗೆ ತಂದು, ಒಂದೊಂದನ್ನೂ ಓದಿ ಹೇಳಲು ಹೊರಟಾಗ ಜಲಜಕ್ಕ ಕೈ ಅಡ್ಡ ಹಿಡಿದರು. ‘ಓದೋದು ಬೇಡ. ನೀವು ನೋಡಿದ್ದೀರಲ್ಲ, ಸಾಕು’ ಎಂದು ಸಾಲಾಗಿ ಸೈನು ಹಾಕಿದರು. ಏನೂ ಓದದೆ ಹಾಕಿದ ಆ ಸೈನುಗಳನ್ನು ನೋಡಿ ನನ್ನ ಎದೆ ಎಷ್ಟು ಉಬ್ಬಿತು ಎಂದರೆ, ಸ್ಕೂಟರಿನಲ್ಲಿ ಮನೆಗೆ ಬರುವವರೆಗೂ ನನ್ನಷ್ಟಕ್ಕೆ ಹಾಡು ಹೇಳಿಕೊಂಡು ಬಂದೆ.

ಅದಾದ ಮೇಲೆ ಸೀಸನ್ನಿನ ಮೊದಲ ದೊಡ್ಡ ಮದುವೆ ಬಂತು, ಶೃಂಗೇರಿಯ ಒಂದು ಛತ್ರದಲ್ಲಿ. ‘ನಮ್ಮ ಅಡುಗೆ ಹೇಗಿರ್ತದೆ ಅಂತ ಒಂದು ಸಲ ಬಂದು ಉಂಡು ನೋಡಿ’ ಎಂದು ಜಲಜಕ್ಕ ಮದುವೆ ಮನೆಯವರಿಗೂ ಹೇಳಿ ನನ್ನನ್ನು ಕರೆಸಿದರು. ಧಾರೆ ಮುಗಿಯಿತು. ನಾನು ನಾಚಿಕೆಯಿಲ್ಲದೆ ಮೊದಲ ಪಂಕ್ತಿಯಲ್ಲೇ ಕುಳಿತೆ. ಎಲೆಗೆ ಉಪ್ಪು ಬಂತು, ಉಪ್ಪಿನಕಾಯಿ ಬಂತು, ಕೋಸಂಬರಿ, ಪಲ್ಯ ಬಂದವು. ಪಕ್ಕದಲ್ಲಿ ಕೂತವರಿಗೆ ನಾನು ಜಲಜಕ್ಕನ ಖರ್ಚು ಹೇಗೆ ಇಳಿಸಿದೆ ಎಂಬುದನ್ನು ಹೇಳುತ್ತಿದ್ದೆ. ಗೋಡೌನಿನ ಕಥೆ ಮುಗಿಯಿತು, ಅನ್ನ ಬರಲಿಲ್ಲ. ಸಿಮ್ಮುಗಳ ಕಥೆಯೂ ಮುಗಿಯಿತು. ಪಕ್ಕದವರು ಕೋಸಂಬರಿಯ ಕೊನೆಯ ಬೇಳೆಯನ್ನೂ ಹೆಕ್ಕಿ ತಿಂದು, ನನ್ನ ಮಾತಿಗಿಂತ ಬಾಗಿಲ ಕಡೆಗೇ ಹೆಚ್ಚು ಗಮನ ಕೊಡತೊಡಗಿದರು.

ಅಷ್ಟರಲ್ಲಿ ಜಲಜಕ್ಕ ಕೈಯಲ್ಲಿ ಮೊಬೈಲು ಹಿಡಿದು ನನ್ನ ಎಲೆಯ ಮುಂದೆ ಬಂದು ನಿಂತರು. ‘ನೀವು ಫೋನಿನವರಲ್ವ, ಸ್ವಲ್ಪ ನೋಡಿ. ಮೆಣಸೆ ಫೋನು ರಿಂಗೇ ಆಗ್ತಾ ಇಲ್ಲ.’

ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಮೈಯೆಲ್ಲ ಮುಳ್ಳೇಳುತ್ತದೆ. ‘ಹೇಗೆ ಆಗ್ತದೆ ಅಕ್ಕ? ಯಾರೂ ಎತ್ತೋದಿಲ್ಲ ಅಂದ್ರಿ. ಅದನ್ನು ಆವತ್ತೇ ತೆಗೆಸಿಯಾಯ್ತು’ ಎಂದು ಪಕ್ಕದವರಿಗೂ ಕೇಳಿಸುವ ಹಾಗೆ ಹೇಳಿದೆ.

ಜಲಜಕ್ಕ ದನಿ ಏರಿಸಲಿಲ್ಲ. ‘ಎತ್ತೋದಿಲ್ಲ ಅಂದೆ. ಬೇಡ ಅಂದೆನಾ?’

ಆಮೇಲೆ ಅವರು ನಾಲ್ಕೇ ಮಾತಿನಲ್ಲಿ ಹೇಳಿದ್ದು ಇಷ್ಟು. ಛತ್ರದ ಅಡುಗೆಮನೆ ಕಿರಿದು, ಆದ್ದರಿಂದ ಬಿಸಿ ಅಡುಗೆಯೆಲ್ಲ ಮೆಣಸೆಯಿಂದಲೇ ಬರಬೇಕು. ಅಲ್ಲಿ ಗ್ರೈಂಡರ್ ತಿರುಗುತ್ತಿರುತ್ತದೆ, ಮಾತು ಕೇಳುವುದಿಲ್ಲ, ಎಲ್ಲರ ಕೈಯೂ ಹಿಟ್ಟು, ಎಣ್ಣೆ, ಮೊಬೈಲಿಗೆ ಸಿಗ್ನಲ್ಲಿಲ್ಲ. ಹಾಗಾಗಿ ಇಲ್ಲಿಂದ ಮಿಸ್ಡ್ ಕಾಲ್. ಒಮ್ಮೆ ಗಂಟೆ ಬಾರಿಸಿದರೆ ಧಾರೆ ಆಯಿತು, ಅಕ್ಕಿ ಹಾಕಿ. ಮತ್ತೊಮ್ಮೆ ಬಾರಿಸಿದರೆ ವ್ಯಾನು ಹೊರಡಲಿ. ಧಾರೆಯಾದಾಗ ಬಡಿಸುವವರು ಎಂದಿನಂತೆ ನಂಬರು ಒತ್ತಿ, ಕಿವಿಗಿಡದೆ ಕತ್ತರಿಸಿದ್ದರಂತೆ. ಆ ಫೋನನ್ನು ಎತ್ತುವುದಕ್ಕೆಂದು ಇಟ್ಟದ್ದೇ ಅಲ್ಲ. ಯಾರೂ ಎತ್ತದ್ದರಿಂದಲೇ, ಅದು ಸತ್ತಿರುವುದು ಅಡುಗೆಯವರಿಗೂ ತಿಳಿದಿರಲಿಲ್ಲ. ಇನ್ನು ನಾನು ಬೇರೆ ಊರಿನವನಾಗಿದ್ದರೆ ಏನೋ ಹೇಳಬಹುದಿತ್ತು. ಸಂಜೆ ಮನೆಗೆ ಹೊರಟ ಕೂಡಲೇ ನಾನೇ ಹೆಂಡತಿಗೆ ಮಿಸ್ಡ್ ಕಾಲ್ ಕೊಡುತ್ತೇನೆ, ಅವಳು ಸಾರು ಬಿಸಿಗಿಡುತ್ತಾಳೆ. ಅಂಥವನಿಗೆ ಇದು ಹೊಳೆಯಲಿಲ್ಲ.

ಎಲೆ ಬಿಟ್ಟು ಎದ್ದೆ. ಸ್ಕೂಟರನ್ನು ಆವತ್ತು ಓಡಿಸಿದ ಹಾಗೆ ನಾನು ಯಾವತ್ತೂ ಓಡಿಸಿಲ್ಲ. ಛತ್ರದಲ್ಲಿ ಅಷ್ಟೂ ಜನ ಬರಿಯ ಎಲೆಯ ಮುಂದೆ ಕೂತಿದ್ದಾರೆ, ಜಲಜಕ್ಕ ಇಷ್ಟು ವರ್ಷ ಗಳಿಸಿದ ಹೆಸರು ನನ್ನ ಒಂದು ಅರ್ಜಿಯಿಂದ ಹೋಗುತ್ತದಲ್ಲ ಎಂಬುದೊಂದೇ ತಲೆಯಲ್ಲಿತ್ತು. ಮೆಣಸೆಯಲ್ಲಿ ನೋಡಿದರೆ ಪರಮ ಶಾಂತಿ. ಕೊಪ್ಪರಿಗೆಯಲ್ಲಿ ಎಸರು ಕುದಿಯುತ್ತಿದೆ, ಅಕ್ಕಿ ತೊಳೆದು ಪಕ್ಕಕ್ಕಿಟ್ಟಿದೆ, ಹಿರಿಯ ಅಡುಗೆಯವರಾದ ಗಣಪಯ್ಯ ಗೋಡೆಯ ಫೋನಿನ ಕಡೆ ಮುಖ ಮಾಡಿ ಕುಳಿತಿದ್ದಾರೆ.

‘ಧಾರೆ ಆಗಿ ಪಂಕ್ತಿ ಕೂತಿದೆ. ಅಕ್ಕಿ ಹಾಕಿ’ ಎಂದೆ.

‘ಗಂಟೆ ಹೊಡೀಲಿಲ್ಲವಲ್ಲ’ ಎಂದರು ಗಣಪಯ್ಯ. ‘ಗಂಟೆ ಆಗದೆ ಅಕ್ಕಿ ಹಾಕಿದ್ರೆ ಜಲಜಕ್ಕ ಸುಮ್ನಿರೋದಿಲ್ಲ. ಅದಿರಲಿ, ನೀವು ಯಾರು?’

‘ನಾನೇ ಗಂಟೆ ಅಂತ ತಿಳಿದುಕೊಳ್ಳಿ ಮಾರಾಯ್ರೆ.’

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನನ್ನ ಅವಸ್ಥೆ ಕಂಡು ಕನಿಕರವಾಯಿತೋ ಏನೋ, ಎದ್ದು ಅಕ್ಕಿ ಸುರಿದರು. ಆಗಲೇ ಆಗಿದ್ದ ಚಿತ್ರಾನ್ನ, ಹೋಳಿಗೆಯನ್ನು ಮೊದಲು ವ್ಯಾನಿಗೆ ತುಂಬಿಸಿ ಕಳಿಸಿ, ಅದರ ಹಿಂದೆಯೇ ನಾನೂ ಬಂದೆ. ಛತ್ರದಲ್ಲಿ ಜಲಜಕ್ಕ ಆ ಹೊತ್ತನ್ನು ತಮ್ಮ ರೀತಿಯಲ್ಲಿ ದಾಟಿಸಿದ್ದರು. ಮದುಮಕ್ಕಳನ್ನು ಪಂಕ್ತಿಯ ನಡುವೆ ಕರೆತಂದು, ಎಲೆಯ ಮುಂದೆ ಕೂತ ಪ್ರತಿಯೊಬ್ಬರ ಜೊತೆಗೂ ಫೋಟೊ ತೆಗೆಸುತ್ತಿದ್ದರು. ‘ಎಷ್ಟು ಚೆಂದದ ಏರ್ಪಾಡು, ಎಲ್ಲರನ್ನೂ ಮಾತಾಡಿಸ್ತಾ ಇದ್ದಾರೆ’ ಎಂದು ಯಾರೋ ಹೊಗಳುವುದು ಕೇಳಿಸಿತು. ಆ ದಿನ ಉಳಿದ ಪಂಕ್ತಿಗಳಿಗೆಲ್ಲ ಗಂಟೆ ನಾನೇ. ಅನ್ನ ಕಡಿಮೆಯಾದರೆ ಮೆಣಸೆಗೆ, ಸಾರು ಮುಗಿದರೆ ಮೆಣಸೆಗೆ, ಪಾಯಸಕ್ಕೂ ಮೆಣಸೆಗೆ. ಸಂಜೆಯ ಹೊತ್ತಿಗೆ ಗಣಪಯ್ಯ ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಸೌಟು ಹಿಡಿದು ಏಳುತ್ತಿದ್ದರು.

ಬಡಿಸುವವರ ಜೊತೆ ಕೊನೆಯ ಪಂಕ್ತಿಯಲ್ಲಿ ನಾನು ಕುಳಿತಾಗ ಜಲಜಕ್ಕನೇ ಬಡಿಸಲು ಬಂದರು. ‘ಅಕ್ಕ, ನನ್ನ ಪಾಲಿನ ದುಡ್ಡು ಬೇಡ’ ಎಂದೆ. ಅವರು ಹೋಳಿಗೆಯ ಮೇಲೆ ತುಪ್ಪ ಹಾಕುತ್ತಾ, ‘ಅದೆಲ್ಲ ಆಮೇಲೆ. ಮೊದಲು ಫೋನು ಹಾಕ್ಸು. ಅದೇ ನಂಬರು ಬೇಕು ನೋಡು’ ಎಂದರು. ಅಷ್ಟು ದಿನದ ‘ನೀವು’ ಹೋಗಿ ‘ನೀನು’ ಬಂದಿತ್ತು. ಬೈಗುಳವೆಂದು ತಿಳಿಯಬೇಕೋ ಬಡ್ತಿಯೆಂದು ತಿಳಿಯಬೇಕೋ ಗೊತ್ತಾಗದೆ ಹೋಳಿಗೆ ತಿಂದೆ.

ಅದೇ ನಂಬರು ಮತ್ತೆ ಸಿಗುವುದು ಕಷ್ಟ ಎಂದರು ಟೆಲಿಫೋನ್ ಆಫೀಸಿನಲ್ಲಿ. ಹೊಸ ನಂಬರು ತೆಗೆದುಕೊಳ್ಳಿ, ಏನಾಗುತ್ತದೆ ಎಂದರು. ಆ ನಂಬರು ಬಡಿಸುವವರ ಬೆರಳಿಗೇ ಬಾಯಿಪಾಠವಾಗಿದೆ ಎಂದು ನಾನು ಅಲ್ಲಿಂದ ಕದಲಲಿಲ್ಲ. ದಿನಾ ಹೋಗಿ ಅವರ ಎದುರಿಗೆ ಕೂತೆ. ಕೊನೆಗೆ ನನ್ನನ್ನು ನೋಡಿ ನೋಡಿ ಬೇಜಾರಾಗಿ ಅದೇ ನಂಬರನ್ನು ಕೊಟ್ಟರು. ಮೆಣಸೆಯ ಗೋಡೆಯಲ್ಲಿ ಆ ಫೋನು ಮತ್ತೆ ಟ್ರಿಣ್ ಎಂದಾಗ, ಯಾರೂ ಎತ್ತದೆ ಎಲ್ಲರೂ ಕೇಳುತ್ತಾ ನಿಂತಾಗ, ನನಗಾದ ಸಂತೋಷವನ್ನು ಮುಚ್ಚಿಡಲು ಒಲೆಯ ಹೊಗೆಯ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಇನ್ನು ನನ್ನ ಹೆಸರು ಈ ಕಡೆ ಮುಗಿಯಿತು ಎಂದೇ ತಿಳಿದಿದ್ದೆ. ಆಗಿದ್ದು ಬೇರೆ. ಜಲಜಕ್ಕ ಹೋದ ಮದುವೆಯಲ್ಲೆಲ್ಲ ಈ ಕಥೆ ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದರಂತೆ: ‘ದೊಡ್ಡ ಕಂಪನಿಯವರು ತಪ್ಪು ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತಾರೆ. ಈ ಮಾರಾಯ ತಪ್ಪು ಮಾಡಿದ್ರೆ ಊಟ ಬಿಟ್ಟು ಓಡ್ತಾನೆ.’ ಛತ್ರದವರು ಬಂದರು, ಶಾಮಿಯಾನದವರು ಬಂದರು, ಶೃಂಗೇರಿಯ ಲಾಡ್ಜಿನವರು ಬಂದರು. ಪಾಲಿನ ದುಡ್ಡನ್ನೂ ಜಲಜಕ್ಕ ಬಿಡದೆ ಕೊಟ್ಟರು, ಮೆಣಸೆ ಫೋನಿನದ್ದನ್ನು ಮಾತ್ರ ಕಳೆದು. ಈಗ ನಾನು ಯಾವ ಕನೆಕ್ಷನ್ ತೆಗೆಸುವ ಮೊದಲೂ ಆ ಫೋನಿನ ಪಕ್ಕ ಒಂದು ದಿನ ಸುಮ್ಮನೆ ಕೂರುತ್ತೇನೆ. ಬಿಲ್ಲಿನಲ್ಲಿ ಕಾಣದ್ದು ಕೂತರೆ ಕಾಣುತ್ತದೆ. ಇದನ್ನು ಕಲಿತವನು ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಷ್ಟೇ ಅಲ್ಲ, ಜಲಜಕ್ಕ ಈಗ ನನಗೂ ಮಿಸ್ಡ್ ಕಾಲ್ ಕೊಡುತ್ತಾರೆ. ಹೊರಗಿನವರಿಗಾದರೆ ಅವರು ಫೋನ್ ಮಾಡಿ ಮಾತಾಡುತ್ತಾರೆ, ತಮ್ಮವರಿಗಾದರೆ ರಿಂಗ್ ಸಾಕು. ಒಂದು ಸಲ ಬಂದರೆ ಬಿಲ್ಲು ನೋಡಲು ಬಾ ಎಂದು. ಎರಡು ಸಲ ಬಂದರೆ ಹೊಸ ಗಿರಾಕಿ ಬಂದಿದ್ದಾರೆ, ಒಳ್ಳೆ ಅಂಗಿ ಹಾಕಿಕೊಂಡು ಬಾ ಎಂದು. ಮೊದಲ ಸಲ ಅವರ ರಿಂಗ್ ಬಂದು ನಿಂತಾಗ ಮೊಬೈಲನ್ನು ಹೆಂಡತಿಗೆ ತೋರಿಸಿ ಬೀಗಿದೆ. ಮೊನ್ನೆ ಮಾತ್ರ, ಅವರ ಹೆಸರು ಕಂಡ ಖುಷಿಯಲ್ಲಿ, ರಿಂಗ್ ನಿಲ್ಲುವ ಮೊದಲೇ ಎತ್ತಿ ‘ಹೇಳಿ ಜಲಜಕ್ಕ’ ಎಂದುಬಿಟ್ಟೆ.

‘ಎತ್ತಿದ್ದು ಎಂತಕ್ಕೆ ಮಾರಾಯ? ನಿನ್ನ ಹತ್ತಿರ ಮಾತಾಡಕ್ಕೆ ಮಾಡಿದ್ದಲ್ಲ’ ಎಂದು ಇಟ್ಟರು.

ಊರವರ ಫೋನಿನಲ್ಲಿ ಬೇಡದ್ದು ಯಾವುದು ಎಂದು ಹುಡುಕುವುದರಲ್ಲಿ ನಾನು ಇಷ್ಟು ವರ್ಷ ಕಳೆದೆ. ನನ್ನ ಫೋನಿನಲ್ಲಿ ಬೇಡದ್ದು ನನ್ನ ಮಾತು ಎಂಬುದನ್ನು ಅವರು ಒಂದೇ ಸಲಕ್ಕೆ ಕಂಡುಹಿಡಿದು, ಒಂದು ಪೈಸೆ ಪಾಲೂ ಕೇಳದೆ, ತೆಗೆಸಿಹಾಕಿದರು.