ಓದದೇ ಇರೋ ಭಾಗಕ್ಕೆ ಐದು ವರ್ಷ

ಲ್ಯಾಬ್ ಅಂದ್ಮೇಲೆ ಗಾಜು ಒಡೀತದೆ, ನಾನಿದ್ಮೇಲೆ ಇನ್ನೇನಾದ್ರೂ ಆಗ್ತದೆ. ತುಮಕೂರಿನ ಒಂದು ಕಾಲೇಜಲ್ಲಿ ಮೈಕ್ರೋಬಯಾಲಜಿ ಅಟೆಂಡರಾಗಿ ರಿಟೈರ್ ಆದೆ. ನಾನಿಲ್ದೆ ಡಿಪಾರ್ಟ್‌ಮೆಂಟ್ ನಡೀದೆ ಮತ್ತೆ ಕರ್ಕೊಂಡ್ರು. ಯಾರೂ ಕರೀಲಿಲ್ಲ, ಇವ್ನೇ ಹೋಗಿ ಕೂತ್ಕೊಂಡ ಅಂತ ನಮ್ಮನೇಲಿ ಹೇಳ್ತಾರೆ, ನಂಬಬೇಡಿ. ದಿನಾ ಗುಬ್ಬಿಯಿಂದ ಬಸ್ಸಲ್ಲಿ ಬರ್ತೀನಿ. ಈಗ ಹೇಳೋದ್ರಲ್ಲಿ ಮುಕ್ಕಾಲು ಪಾಲು ನಿಜ. ಮಿಕ್ಕಿದ್ದು ಅದಕ್ಕಿಂತ ನಿಜ.

೧. ಲಗ್ನಪತ್ರಿಕೆ

ಕುಣಿಗಲ್ ಕಡೆಯ ಮೇಡಂ ಒಬ್ರು ನಮ್ಮಲ್ಲಿ ಪಿಎಚ್‌ಡಿ ಮಾಡ್ತಿದ್ರು. ಏನವ್ವ ನಿನ್ ಸಬ್ಜೆಕ್ಟು ಅಂತ ಒಂದಿನ ಕೇಳ್ದೆ. ಪಾಪ, ಕೂರಿಸ್ಕೊಂಡು ಹೇಳಿದ್ರು. ಬ್ಯಾಕ್ಟೀರಿಯಾ ಒಳಗೆ ಜೀನಿಂದ ಒಂದು ಚೀಟಿ ಹೊರಡ್ತದಂತೆ, ಮೆಸೆಂಜರ್ ಆರ್‌ಎನ್‌ಎ ಅಂತ. ಅದನ್ನ ಓದಿ ಪ್ರೋಟೀನ್ ಮಾಡಕ್ಕೆ ಒಂದು ಮಿಷನ್ ಐತಂತೆ. ಆದ್ರೆ ಚೀಟಿಯ ಮೊದಲ್ನೇ ತುಂಡನ್ನ ಆ ಮಿಷನ್ನು ಓದೋದೇ ಇಲ್ವಂತೆ. ಅದ್ರಿಂದ ಪ್ರೋಟೀನೂ ಆಗಲ್ಲ. ಆದ್ರೂ ಯಜಮಾನಿಕೆ ಎಲ್ಲಾ ಅದ್ರದ್ದೇ. ಚಳಿ ಆದ್ರೆ ಆ ತುಂಡು ಮುದುರ್ಕೊಂಡು, ಮಿಷನ್ನಿಗೆ ಕೂರಕ್ಕೆ ಜಾಗ ಕೊಡಲ್ಲ. ಮೈಬಿಸಿಯಷ್ಟು ಕಾವು ಸಿಕ್ಕಿದ್ರೆ ಬಿಚ್ಕೊಳ್ತದೆ, ಆಗ ಕೆಲ್ಸ ಶುರು.

"ಲಗ್ನಪತ್ರಿಕೆ ಥರ ಅನ್ನವ್ವ," ಅಂದೆ. "ಮೇಲ್ಗಡೆ ಕರೆಯೋರ ಹೆಸ್ರಿರ್ತದಲ್ಲ, ಅದ್ರಲ್ಲಿ ಮುಹೂರ್ತ ಇಲ್ಲ, ಊಟ ಇಲ್ಲ, ಯಾರೂ ಓದಲ್ಲ. ಆದ್ರೆ ದೊಡ್ಡಪ್ಪನ ಹೆಸ್ರು ಅಲ್ಲಿ ಬಿಟ್ಟೋಗಿದ್ರೆ ಆ ಮನೇಯೋರು ಒಬ್ರೂ ಛತ್ರಕ್ಕೆ ಕಾಲಿಡಲ್ಲ."

ಮೇಡಂ ಲ್ಯಾಪ್‌ಟಾಪ್ ಮುಚ್ಚಿದ್ರು. "ತಾತ, ಇಷ್ಟನ್ನ ಹೇಳಕ್ಕೆ ನಾನು ನಲವತ್ತು ಸ್ಲೈಡ್ ಮಾಡಿದೀನಿ," ಅಂದ್ರು.

೨. ಅಪ್ಪ ಬಂದ್ರು

ಹುತ್ರಿದುರ್ಗದ ಹತ್ರದಿಂದ ಮೇಡಂ ಅವ್ರ ಅಪ್ಪ ಬಂದ್ರು, ಒಂದು ಚೀಲ ಅವರೆಕಾಯಿ ಹೊತ್ಕೊಂಡು. ಮಗಳು ಆ ಜೀನಿಗೆ ಹೊಳೆಯೋ ಪ್ರೋಟೀನ್ ಜೋಡಿಸಿಟ್ಟಿದ್ರು. ಚೀಟಿ ಬಿಚ್ಕೊಂಡ್ರೆ ನೀಲಿ ಟಾರ್ಚ್ ಹಿಡಿದಾಗ ಟ್ಯೂಬು ಹಸಿರಾಗಿ ಹೊಳೀತಿತ್ತು. ಎಷ್ಟು ಹೊಳೀತಿತ್ತು ಅಂದ್ರೆ ಊರಾಚೆ ಮರಳೂರಿಂದ ಫೋನ್ ಮಾಡಿ ಏನ್ರೀ ಅದು ಬೆಳಕು ಅಂತ ಕೇಳಿದ್ರು.

ಯಜಮಾನ್ರು ಟ್ಯೂಬನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ಇದನ್ನ ರಾಗಿ ಹೊಲದ ಬದುವಿಗೆ ಸುರಿದ್ರೆ ಹಂದಿ ಹೆದರ್ತವಾ ಅಂತ ವಿಚಾರಿಸಿದ್ರು. ಇಲ್ಲಪ್ಪ, ಇದು ಚೀಟಿಯ ಓದದೇ ಇರೋ ಭಾಗದ ವಿಷಯ ಅಂತ ಮಗಳು ಮೊದಲಿಂದ ವಿವರಿಸಿದ್ರು. ಅವ್ರು ಎಲ್ಲಾ ಕೇಳಿ ಟವಲ್ ಹೆಗಲಿಗೆ ಹಾಕ್ಕೊಂಡ್ರು.

"ಓದದೇ ಇರೋ ಭಾಗಕ್ಕೇ ಐದು ವರ್ಷ ಆಯ್ತಲ್ಲವ್ವ. ಓದೋ ಭಾಗ ಯಾವಾಗ ಶುರು ಮಾಡ್ತೀಯ?"

೩. ಕಂಬಳಿ

ಅಷ್ಟರಲ್ಲಿ ಹೊರಗಡೆ ಯೂನಿವರ್ಸಿಟಿಯ ಎಕ್ಸಾಮಿನರ್ ಬರೋ ದಿನ ಗೊತ್ತಾಯ್ತು. ಅವ್ರು ಕಣ್ಣಾರೆ ನೋಡ್ಬೇಕಂತೆ: ಬಿಸಿ ಟ್ಯೂಬು ಹೊಳೀಬೇಕು, ತಣ್ಣಗಿಟ್ಟಿದ್ದು ಹೊಳೀಬಾರ್ದು. ಇಲ್ದಿದ್ರೆ ಮೇಡಂ ಅವ್ರ ಐದು ವರ್ಷ ಕಸದ ಬುಟ್ಟಿಗೆ.

ಸರಿಯಾಗಿ ಆಗಲೇ ತಣ್ಣನೆ ಟ್ಯೂಬೂ ಹೊಳೆಯಕ್ಕೆ ಶುರುವಾಯ್ತು. ಮೂರು ವಾರ. ಮೇಡಂ ಕೆಮಿಕಲ್ ಬದಲಾಯಿಸಿದ್ರು, ನೀರು ಬದಲಾಯಿಸಿದ್ರು, ಮೆಸ್ ಊಟ ಬಿಟ್ರು. ಗೈಡು ನಮ್ ಡಿಪಾರ್ಟ್‌ಮೆಂಟ್ ಹೆಡ್ಡೇ. ಅವ್ರು ಕೋಪ ಮಾಡ್ಕೊಂಡು ಗೋಡೆ ಕಡೆ ತಿರುಗಿ ಮಾತಾಡ್ತಿದ್ರು.

ಒಂದಿನ ಬೆಳಿಗ್ಗೆ ಮೇಡಂ ನನಗಿಂತ ಮುಂಚೆ ಬಂದ್ಬಿಟ್ರು. ತಣ್ಣನೆ ಟ್ಯೂಬುಗಳು ಶೆಲ್ಫಲ್ಲಿಲ್ಲ. ಹಳೇ ಫ್ರಿಜ್ಜಿನ ಬೆನ್ನಿನ ಹತ್ರ, ಬಿಸಿ ಬರ್ತದಲ್ಲ ಅಲ್ಲಿ, ನನ್ ಕಂಬಳಿ ಹೊದ್ಕೊಂಡು ಬೆಚ್ಚಗೆ ಮಲಗವೆ. ನಾನು ಬಂದಾಗ ಕಂಬಳಿ ಮೇಡಂ ಕೈಲಿತ್ತು.

"ತಾತ, ಇದೇನಿದು?"

"ಚಳಿಗಾಲ ಕಣವ್ವ. ಹೆಪ್ಪು ಹಾಕಿದ್ ಹಾಲನ್ನೇ ನಾವು ಒಲೆ ಪಕ್ಕ ಬಟ್ಟೆ ಸುತ್ತಿ ಇಡ್ತೀವಿ. ಇವೂ ಅದೇ ಜಾತಿ ಜೀವಗಳಲ್ವ? ದಿನಾ ಸಾಯಂಕಾಲ ಬೀಗ ಹಾಕೋವಾಗ ಹೊದಿಸಿ, ಬೆಳಿಗ್ಗೆ ವಾಪಸ್ ಇಡ್ತಿದ್ದೆ."

ಬೈಯ್ಯಲಿಲ್ಲ ಮಹಾತಾಯಿ. ನೋಟ್‌ಬುಕ್ ತೆಗೆದು, ಮೂರು ವಾರದ ಲೆಕ್ಕದ ಮೇಲೆ ಗೀಟು ಎಳೆದು, ತಪ್ಪಿನ ಕಾರಣ ಅನ್ನೋ ಜಾಗದಲ್ಲಿ ಒಂದೇ ಪದ ಬರೆದ್ರು: ತಾತ.

೪. ಮೂರು ಟ್ಯೂಬು

ಎಕ್ಸಾಮಿನರ್ ಬರೋ ದಿನ ಬೆಳಿಗ್ಗೆ ಎಂಟಕ್ಕೇ ಕರೆಂಟ್ ಹೋಯ್ತು, ರಸ್ತೇಲಿ ಕಂಬ ಬದಲಾಯಿಸ್ತಿದ್ರು. ಜನರೇಟರ್ ಕೆಮ್ಮಿ ಸುಮ್ಮನಾಯ್ತು. ಟ್ಯೂಬುಗಳಿಗೆ ಕಾವು ಕೊಡ್ಬೇಕಾಗಿದ್ದ ಇನ್‌ಕ್ಯುಬೇಟರ್ ಪೆಟ್ಟಿಗೆ ತಣ್ಣಗಾಯ್ತು. ಮೂರು ಗಂಟೆ ಹೊತ್ತು ಮೂವತ್ತೇಳು ಡಿಗ್ರಿ ಬೇಕು ತಾತ, ಎಲ್ಲಿಂದ ತರ್ಲಿ ಅಂದ್ರು ಮೇಡಂ.

ಮನುಷ್ಯನ ಮೈ ಎಷ್ಟು ಡಿಗ್ರಿ ಅಂದೆ. ಮೂವತ್ತೇಳು ಅಂದ್ರು. ನಾನು ಅಂಗಿ ಗುಂಡಿ ಬಿಚ್ಚಿ, ಭದ್ರವಾಗಿ ಮುಚ್ಚಳ ಹಾಕಿದ್ದ ಟ್ಯೂಬನ್ನ ಕಂಕುಳಲ್ಲಿ ಇಟ್ಕೊಂಡೆ. ಒಂದೇ ಸಾಕಾಗಲ್ಲ, ಮೂರು ಕಡೆ ಮೂರು ಇಡ್ಬೇಕು, ಆಗ್ಲೇ ನಂಬ್ತಾರೆ ಅಂದ್ರು ಮೇಡಂ. ಎರಡನೇದನ್ನ ತಾವೇ ಇಟ್ಕೊಂಡ್ರು. ಮೂರನೇದಕ್ಕೆ ಇದ್ದೋರು ಹೆಡ್ ಒಬ್ರೇ, ಕೋಟು ಟೈ ಹಾಕ್ಕೊಂಡು. ಆಗಲ್ಲ ಅಂದ್ರು. "ಸಾರ್, ಗೈಡ್ ಅಂತ ನಿಮ್ ಹೆಸ್ರೇ ಐತೆ," ಅಂದ್ರು ಮೇಡಂ ಮೆಲ್ಲಗೆ. ಹೆಡ್ಡು ಗೋಡೆ ಕಡೆ ತಿರುಗಿ ಇಟ್ಕೊಂಡ್ರು.

ಎಕ್ಸಾಮಿನರ್ ಆರೂವರೆ ಅಡಿ ಆಳು, ಏಳಡಿ ಅಂದ್ರೂ ತಪ್ಪಿಲ್ಲ. ನಮ್ಮಲ್ಲಿ ಬಂದೋರಿಗೆ ಶಾಲು, ಹಾರ, ಪೇಟ ಆಗದೆ ಯಾವ ಕೆಲ್ಸಾನೂ ಶುರುವಾಗಲ್ಲ. ಹೆಡ್ಡು ಮೊಣಕೈ ಪಕ್ಕೆಗೆ ಅಂಟಿಸ್ಕೊಂಡೇ ಹಾರ ಹಿಡಿದ್ರು. ಕೈ ಹೊಟ್ಟೆಯಿಂದ ಮೇಲಕ್ಕೆ ಏಳಲ್ಲ. ಎಕ್ಸಾಮಿನರ್ ಬಗ್ಗಿದ್ರು, ಇನ್ನೂ ಬಗ್ಗಿದ್ರು, ಕೊನೆಗೆ ಹಗ್ಗ ಹಾಕಿಸ್ಕೊಳ್ಳೋ ಎತ್ತಿನ ಥರ ತಲೆ ಒಡ್ಡಿದ್ರು. ಪೇಟ ಇಡೋ ಹೊತ್ತಿಗೆ ಹೆಡ್ಡನ್ನ ನೋಡಿ ಅವ್ರಿಗೆ ಅಯ್ಯೋ ಅನ್ನಿಸ್ತು.

"ಭುಜ ಹಿಡ್ಕೊಂಡಿದೆಯಾ ಸಾರ್? ನಂಗೂ ಇತ್ತು. ಹಿಂಗೆ ಜೋರಾಗಿ ಎತ್ತಿದ್ರೆ ಬಿಟ್ಟೋಗ್ತದೆ."

ಹೆಡ್ಡು ಬೇಡ ಬೇಡ ಅನ್ನೋದ್ರೊಳಗೆ ಎಕ್ಸಾಮಿನರ್ ಅವ್ರ ಕೈ ಹಿಡಿದು ಎತ್ತೇಬಿಟ್ರು. ಕೋಟೊಳಗಿಂದ ಟ್ಯೂಬು ಜಾರ್ತು. ನಾನು ಹಾರಿ ಹಿಡ್ಕೊಂಡೆ, ಹತ್ತಡಿ ದೂರದಿಂದ. ಹಾರಿದ ರಭಸಕ್ಕೆ ನನ್ದೂ ಜಾರ್ತು. ಅದನ್ನ ಎಕ್ಸಾಮಿನರೇ ಹಿಡಿದ್ರು.

ಮೇಡಂ ತಮ್ಮ ಟ್ಯೂಬನ್ನೂ ತೆಗೆದು ಮೇಜಿನ ಮೇಲಿಟ್ಟು, ಇದ್ದದ್ದನ್ನ ಇದ್ದಂಗೇ ಹೇಳಿದ್ರು. ಎಕ್ಸಾಮಿನರ್ ಗಡಿಯಾರ ನೋಡಿ, ಇನ್ನೂ ಅರ್ಧ ಗಂಟೆ ಬಾಕಿ ಐತಲ್ಲ, ವಾಪಸ್ ಇಟ್ಕೊಳ್ಳಿ ಅಂದ್ರು. ಇಟ್ಕೊಂಡ್ವಿ. ಅವ್ರೆದುರಿಗೆ ಮೂರು ಜನ ಕೈ ಕಟ್ಟಿ ಸಾಲಾಗಿ ಕೂತ್ವಿ.

ಆಮೇಲೆ ನೀಲಿ ಟಾರ್ಚ್ ಬಿಟ್ರು. ಐಸ್ ಡಬ್ಬೀಲಿದ್ದ ಟ್ಯೂಬು ಕತ್ತಲು, ನಮ್ ಮೂರೂ ಹಸಿರು. ಅದ್ರಲ್ಲಿ ಒಂದು ಜಾಸ್ತಿ ಹೊಳೀತಿತ್ತು. ಇದ್ಯಾರ್ದು, ಯಾಕೆ ಇಷ್ಟು ಅಂತ ಕೇಳಿದ್ರು.

"ಅದು ಹೆಡ್ಡವ್ರದ್ದು ಸಾರ್," ಅಂದೆ. "ಮೂವತ್ತು ವರ್ಷದಿಂದ ಬಿಸಿಯಾಗೇ ಅವ್ರೆ."

ಎಕ್ಸಾಮಿನರ್ ನಗ್ತಾನೇ ಸೈನ್ ಹಾಕಿದ್ರು. ಒಂದೇ ತಿದ್ದುಪಡಿ ಹೇಳಿದ್ರು: ಇವತ್ತಿಂದೂ ಥೀಸಿಸ್ಸಿಗೆ ಸೇರಿಸಿ, ಯಾವ ಯಾವ ಉಪಕರಣದಲ್ಲಿ ಕಾವು ಕೊಟ್ರಿ ಅಂತ ನಿಜ ಬರೀರಿ. ಮೇಡಂ ನಿಯತ್ತಾಗಿ ಬರೆದ್ರು. ಅವತ್ತಿಂದ ಹೆಡ್ಡು ನನ್ ಹತ್ರ ಮಾತು ಬಿಟ್ಟವ್ರೆ. ಲೈಬ್ರರೀಲಿರೋ ಆ ಥೀಸಿಸ್ಸಲ್ಲಿ ಅವ್ರ ಹೆಸ್ರು ಮೊದಲ್ನೇ ಪುಟದಲ್ಲಿ ಗೈಡ್ ಅಂತ ಐತೆ, ಎಪ್ಪತ್ತೆರಡನೇ ಪುಟದಲ್ಲಿ ಉಪಕರಣ ಅಂತ ಐತೆ.