ಇಸವಿ ಅಳಿಸಿದ ಅರ್ಧ ಡಾಲರ್

ನಾಣ್ಯ ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ನನಗಿದೆ! ಓಹಾಯೋ ನದಿಯ ದಡದ ನಮ್ಮ ಊರಿನಲ್ಲಿ ಈ ಡೆಲ್ಬರ್ಟ್ ಕ್ರೌಸ್‌ನ ಕಣ್ಣು ತಪ್ಪಿಸಿ ಒಂದೇ ಒಂದು ಬೆಳ್ಳಿ ನಾಣ್ಯ ದಾಟಿಹೋಗಲಿ ನೋಡೋಣ ಎಂದು ಎಷ್ಟೋ ಸಲ ಸವಾಲು ಹಾಕಿದ್ದೇನೆ. ಸ್ವೀಕರಿಸಿದವರು ಯಾರೂ ಇಲ್ಲ. ಕೇಳಿಸಿಕೊಂಡವರೂ ಇಲ್ಲ, ಅದು ಬೇರೆ ಮಾತು.

ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನಾನು ಹಿಡಿದ ಕಾಯಕ ಇದು. ಬ್ಯಾಂಕಿನಿಂದ ಅರ್ಧ ಡಾಲರ್ ನಾಣ್ಯಗಳ ಕಾಗದದ ಸುರುಳಿಗಳನ್ನು ಕೊಂಡು ತರುವುದು, ಬಿಚ್ಚಿ ಹುಡುಕುವುದು, ಹಳೆಯ ಬೆಳ್ಳಿಯವು ಸಿಕ್ಕರೆ ಇಟ್ಟುಕೊಂಡು ಉಳಿದದ್ದನ್ನು ಮರಳಿಸುವುದು. ಮರಳಿಸುವುದು ಮಾತ್ರ ಬೇರೆ ಬ್ಯಾಂಕಿಗೆ! ತಂದಲ್ಲಿಗೇ ಕೊಟ್ಟರೆ ಮುಂದಿನ ವಾರ ನಮ್ಮ ಕಸವನ್ನೇ ನಾವು ಮತ್ತೆ ಕೊಂಡು ತರಬೇಕಾಗುತ್ತದೆ. ಹಾಗಾಗಿ ಸೇತುವೆಯ ಈಚೆಗಿನ ಬ್ಯಾಂಕಿನಲ್ಲಿ ಕೊಳ್ಳುತ್ತೇನೆ, ಆಚೆಗಿನದರಲ್ಲಿ ಸುರಿಯುತ್ತೇನೆ. ಆಚೆ ದಡದ ಆರ್ವಿಲ್ ಪಿಂಕ್ನಿ ಎಂಬವನಿಗೂ ಇದೇ ಹುಚ್ಚು. ಅವನು ಆಚೆ ಕೊಂಡು ಈಚೆ ಸುರಿಯುತ್ತಾನೆ. ಅಂದರೆ ನನ್ನ ಕಸ ಅವನಿಗೆ, ಅವನ ಕಸ ನನಗೆ. ಹನ್ನೊಂದು ವರ್ಷಗಳಿಂದ ಈ ಪವಿತ್ರ ವಿನಿಮಯ ನಡೆದುಬಂದಿದೆ.

ನನ್ನ ದೌರ್ಬಲ್ಯ ಒಂದೇ: ಸಿಕ್ಕಿದ್ದನ್ನು ಬಿಡಲು ಮನಸ್ಸು ಬಾರದು. ಬೆಳ್ಳಿಯದು ಸರಿಯೇ. ಜೊತೆಗೆ ನಾನು ಹುಟ್ಟಿದ ವರ್ಷದ್ದು, ಮದುವೆಯಾದ ವರ್ಷದ್ದು, ತೀರಾ ಹೊಳೆಯುವುದು, ಪಾಪ ಸೊಟ್ಟಗಾದದ್ದು... ಹೀಗೆ ಎಲ್ಲಕ್ಕೂ ಒಂದೊಂದು ನೆಪ. ಮೊನ್ನೆ ಮಂಗಳವಾರ ಅಡುಗೆ ಸಾಮಾನಿನ ಕೋಣೆಯ ಹಲಗೆ ಈ ಭಾರ ತಾಳಲಾರದೆ ಕುಸಿಯಿತು. ಕುಸಿಯುವಾಗ ನನ್ನ ಹೆಂಡತಿ ಲೊರೆಟಾ ಸಕ್ಕರೆ ಪಾಕದಲ್ಲಿ ಹಾಕಿಟ್ಟಿದ್ದ ಪೀಚ್ ಹಣ್ಣಿನ ಹದಿನಾಲ್ಕು ಜಾಡಿಗಳನ್ನೂ ಕರೆದುಕೊಂಡೇ ಹೋಯಿತು.

"ಇದೇನು ಡೆಲ್ಬರ್ಟ್, ನಾಣ್ಯಾನೂ ಪಾಕಕ್ಕೆ ಹಾಕಿದೀಯಾ?" ಎಂದಳು ಒಂದನ್ನು ಎರಡು ಬೆರಳಲ್ಲಿ ಎತ್ತಿ.

"ಇವೆಲ್ಲ ನಾಳೆ ಬೆಲೆ ಬಾಳೋವು ಲೊರೆಟಾ!"

"ಪೀಚು ಇವತ್ತೇ ಬೆಲೆ ಬಾಳ್ತಿತ್ತು. ಕೇಳು, ಒಂದು ಕಾಫಿ ಡಬ್ಬಿ ಕೊಡ್ತೀನಿ. ಅದ್ರಲ್ಲಿ ಹಿಡಿಸಿದಷ್ಟು ನಿಂದು. ಮಿಕ್ಕಿದ್ದು ಶುಕ್ರವಾರದೊಳಗೆ ಮನೆಯಿಂದಾಚೆ. ಇಲ್ದಿದ್ರೆ ನಾನೇ ಆರಿಸ್ತೀನಿ."

"ನೀನಾ? ಒಳ್ಳೇದ್ಯಾವುದು ಕೆಟ್ಟದ್ಯಾವುದು ಅಂತ ಗೊತ್ತಾಗುತ್ತಾ ನಿಂಗೆ?"

"ಎಲ್ಲಿ ಗೊತ್ತಾಗುತ್ತೆ ಮಾರಾಯ! ನಿನ್ನನ್ನ ಆರಿಸ್ದೋಳಲ್ವಾ ನಾನು!"

ಅಂದೇ ಒಂದು ಸಂವಿಧಾನ ಬರೆದು ಫ್ರಿಜ್ಜಿಗೆ ಅಂಟಿಸಿದೆ. ವಿಧಿ ಒಂದು: ಅಂಚಿನಲ್ಲಿ ತಾಮ್ರದ ಗೆರೆಯಿಲ್ಲದೆ ಬೆಳ್ಳಗಿದ್ದರೆ ಬೆಳ್ಳಿ, ಅದು ಡಬ್ಬಿಗೆ. ವಿಧಿ ಎರಡು: ಸವೆದು ಇಸವಿ ಕಾಣದ್ದು, ಕೊಳಕಾದದ್ದು, ಅಂಟಂಟಾದದ್ದು ದಾಕ್ಷಿಣ್ಯವಿಲ್ಲದೆ ಬ್ಯಾಂಕಿಗೆ ವಾಪಸ್! ನ್ಯಾಯದ ಮುಂದೆ ಕರುಣೆಗೆ ಜಾಗವಿಲ್ಲ.

ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರವಿಕೊಂಡು ಕುಳಿತೆ. ಅರವತ್ತಮೂರು ಬೆಳ್ಳಿ ನಾಣ್ಯಗಳು ಡಬ್ಬಿ ಸೇರಿದವು. ಕೊನೆಗೆ ಹಣ್ಣಿನ ಬುಟ್ಟಿಯ ಪಕ್ಕ ಒಂದು ಉಳಿದಿತ್ತು. ಇಸವಿ ಇರಬೇಕಾದ ಜಾಗ ನನ್ನ ತಲೆಯಂತೆ ನುಣ್ಣಗಿತ್ತು. ಅಂಚಿಗೆಲ್ಲ ಕಪ್ಪು ಜಿಡ್ಡು ಮೆತ್ತಿತ್ತು. ಹಳೆಯ ದೌರ್ಬಲ್ಯ ಒಮ್ಮೆ ತಲೆಯೆತ್ತಿತು. ಆದರೆ ಸಂವಿಧಾನ ಸಂವಿಧಾನವೇ! "ನಡಿ ಬ್ಯಾಂಕಿಗೆ!" ಎಂದು ಚೀಲಕ್ಕೆ ಎಸೆದೆ. ಹತ್ತು ಗಂಟೆಗೆಲ್ಲ ಸೇತುವೆ ದಾಟಿ ಚೀಲ ಸುರಿದು ಬಂದೆ. ಡಬ್ಬಿಯನ್ನು ಮಾತ್ರ ಕಾರಿನಲ್ಲೇ ಬಚ್ಚಿಟ್ಟೆ, ಹೆಂಡತಿಯ ಮೇಲೆ ನನಗೆ ಅಷ್ಟು ನಂಬಿಕೆ.

ಪ್ರತಿ ಶುಕ್ರವಾರ ಸಂಜೆ ಲೊರೆಟಾ ಒಂದು ಲಾಟರಿ ಚೀಟಿ ತಂದು, ಅದರ ಮೇಲಿನ ಲೇಪವನ್ನು ನಾಣ್ಯದಿಂದ ಕೆರೆದು ನೋಡುತ್ತಾಳೆ. ಅದು ಯಾವ ನಾಣ್ಯವೆಂದು ನಾನು ಒಮ್ಮೆಯೂ ಕಣ್ಣೆತ್ತಿ ನೋಡಿದವನಲ್ಲ. ಅಂದೂ ಚೀಟಿ ಹಿಡಿದು ಮೇಜಿನ ಬಳಿ ಬಂದಳು.

"ಇಲ್ಲಿ ಹಣ್ಣಿನ ಬುಟ್ಟಿ ಪಕ್ಕ ಇತ್ತಲ್ಲ, ಅಪ್ಪನ ನಾಣ್ಯ ಎಲ್ಲಿ?"

"ಅಪ್ಪಂದಾ?" ಎಂದೆ.

"ನಾನು ಹುಟ್ಟಿದ ವರ್ಷದ್ದು, ಅರವತ್ನಾಲ್ಕರದ್ದು. ಅಪ್ಪ ಸಾಯೋವರೆಗೂ ಅದ್ರಲ್ಲೇ ಚೀಟಿ ಕೆರೀತಿದ್ರು. ಅವರೂ ಕೆರೆದು, ನಾನೂ ಕೆರೆದು, ಇಸವಿನೇ ಅಳಿಸಿಹೋಗಿದೆ."

ಅರವತ್ನಾಲ್ಕು! ಆ ವರ್ಷದವರೆಗಿನವು ಅಪ್ಪಟ ಬೆಳ್ಳಿ! ಅಂಚಿನ ಆ ಕಪ್ಪು ಜಿಡ್ಡು ನಲವತ್ತು ವರ್ಷಗಳ ಲಾಟರಿ ಲೇಪವಾಗಿತ್ತು.

ನಡೆದದ್ದನ್ನು ಹೇಳಿದೆ. ಲೊರೆಟಾ ಕಿರುಚಲಿಲ್ಲ. ಕಿರುಚಿದ್ದರೆ ಅಭ್ಯಾಸವಿತ್ತು, ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ಕುರ್ಚಿಯಲ್ಲಿ ಕುಳಿತು, "ಅಪ್ಪಂದು ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ, ಡೆಲ್ಬರ್ಟ್," ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಟೋಪಿಯನ್ನೂ ಹಾಕಿಕೊಳ್ಳದೆ ಕಾರಿಗೆ ಓಡಿದೆ.

ಬ್ಯಾಂಕಿನಲ್ಲಿ ಬಾಗಿಲು ಹಾಕುವ ಹೊತ್ತು. ಒಳಗಿದ್ದ ಹೆಂಗಸು ನಕ್ಕು, "ನಿಮ್ಮ ಅರ್ಧ ಡಾಲರ್‌ಗಳಾ ಸರ್? ಮಧ್ಯಾಹ್ನವೇ ಪಿಂಕ್ನಿ ಬಂದು ಅಷ್ಟನ್ನೂ ಒಯ್ದರಲ್ಲ," ಎಂದಳು. ಪವಿತ್ರ ವಿನಿಮಯ!

ಆರ್ವಿಲ್ ತನ್ನ ಕಾರ್ ಶೆಡ್ಡಿನಲ್ಲಿ ದೀಪದ ಕೆಳಗೆ ಕುಳಿತಿದ್ದ.

"ಬಾರಯ್ಯ ಡೆಲ್ಬರ್ಟ್! ಇದನ್ನ ನೋಡು. ಅಂಚಲ್ಲಿ ಜಿಡ್ಡಿತ್ತು, ಉಗುರಲ್ಲಿ ಕೆರೆದೆ. ಒಳಗೆ ಬೆಳ್ಳಿ! ಯಾವ ಕುರುಡು ಮುಂಡೇದು ಎಸೆದಿದೆಯೋ!"

"ಕುರುಡೇ ಸರಿ," ಎಂದೆ.

"ಬುದ್ಧಿನೂ ನೆಟ್ಟಗಿಲ್ಲ ಅನ್ಸುತ್ತೆ."

"ಅದೂ ಸರಿ. ಆರ್ವಿಲ್, ಅದನ್ನ ನಂಗೆ ಕೊಟ್ಬಿಡ್ತೀಯಾ?"

ಆರ್ವಿಲ್ ನನ್ನ ಮುಖ ನೋಡಿದ, ನಾಣ್ಯ ನೋಡಿದ, ಮತ್ತೆ ನನ್ನ ಮುಖ ನೋಡಿದ. ಕುರುಡು ಮುಂಡೇದು ಯಾವುದೆಂದು ಅವನಿಗೆ ಅರ್ಥವಾಯಿತು. ಆ ಕ್ಷಣದಿಂದ ನಾಣ್ಯದ ಬೆಲೆ ಏರತೊಡಗಿತು. ಮೂರು ಬೆಳ್ಳಿ ನಾಣ್ಯ ಕೊಡುತ್ತೇನೆಂದೆ. ಹತ್ತು ಎಂದೆ. ಅವನು ಸೀಟಿ ಹೊಡೆಯುತ್ತಾ ದೀಪ ಒರೆಸಿದ. ಕೊನೆಗೆ ಇಡೀ ಕಾಫಿ ಡಬ್ಬಿಯೇ ಅವನ ಮೇಜಿಗೆ ಹೋಯಿತು. "ಡಬ್ಬಿ ಬೇಕಿದ್ರೆ ತಗೊಂಡು ಹೋಗಪ್ಪ, ನಾನೇನು ದುರಾಸೆಯವನಲ್ಲ," ಎಂದ ಪುಣ್ಯಾತ್ಮ. ಹನ್ನೊಂದು ವರ್ಷ ಆರಿಸಿ ಇಟ್ಟುಕೊಂಡದ್ದನ್ನೆಲ್ಲ ಕೊಟ್ಟು, ಬೆಳಿಗ್ಗೆ ನಾನೇ ಎಸೆದದ್ದನ್ನು ಕೊಂಡು ತಂದೆ.

ಲೊರೆಟಾ ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಆಮೇಲೆ ಚೀಟಿ ಕೆರೆದಳು. ಎರಡು ಡಾಲರ್ ಬಂತು.

"ಡಬ್ಬಿ ಯಾಕೆ ಖಾಲಿ?" ಎಂದಳು.

ಹೇಳಿದೆ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಬಳಿಕ ಫ್ರಿಜ್ಜಿನ ಮುಂದೆ ನಿಂತು ನನ್ನ ಸಂವಿಧಾನವನ್ನು ಗಟ್ಟಿಯಾಗಿ ಓದಿದಳು: "ಸವೆದದ್ದು, ಕೊಳಕಾದದ್ದು, ಅಂಟಂಟಾದದ್ದು ಬ್ಯಾಂಕಿಗೆ ವಾಪಸ್." ನನ್ನ ಬೋಳು ತಲೆಯಿಂದ ಪೀಚ್ ಪಾಕ ಮೆತ್ತಿದ ಬೂಟಿನವರೆಗೂ ನಿಧಾನವಾಗಿ ನೋಡಿದಳು.

"ಕಾನೂನು ಚೆನ್ನಾಗಿದೆ. ನೀನು ಆಚೆ ಹೋದ್ಮೇಲೆ ಬ್ಯಾಂಕಿಗೆ ಫೋನ್ ಮಾಡಿ ಕೇಳ್ದೆ."

"ಏನಂತ?"

"ನಿನ್ನನ್ನ ವಾಪಸ್ ತಗೋತಾರಾ ಅಂತ. ಎರಡೂ ದಡದೋರು ಬೇಡ ಅಂದ್ರು. ಇನ್ನೇನ್ಮಾಡ್ಲಿ, ನಾನೇ ಇಟ್ಕೋತೀನಿ."