ನಮ್ಮತ್ತಿಗೆಯ ಮಾತಾಡುವ ಪ್ರಬಂಧ

ಬರವಣಿಗೆ ಕಲಿಸುವ ನಮ್ಮ ಅತ್ತಿಗೆಗೆ ಒಂದು ಸಾಲನ್ನೂ ಬರೀ ಅಕ್ಷರದಲ್ಲಿ ಬರೆಯಲು ಬರುವುದಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಅಕ್ಷರದ ಜೊತೆ ಅವರಿಗೆ ಚಿತ್ರ ಬೇಕು, ಚಿತ್ರದ ಜೊತೆ ಧ್ವನಿಯೂ ಬೇಕು!

ಮೊನ್ನೆ ಅವರ ಮನೆಯಲ್ಲಿ ಗ್ಯಾಸ್ ಮುಗಿಯಿತು. ಸೂರತ್ತಿನ ಅಡಾಜಣ್‌ನಲ್ಲಿ ಉಡುಪಿ ಹೋಟೆಲು ನಡೆಸುವ ನನ್ನಣ್ಣನ ಫೋನಿಗೆ ಮೊದಲು ಸಿಲಿಂಡರಿನ ಫೋಟೋ ಬಂತು. ಆಮೇಲೆ ಒಲೆ ಬುಸ್ಸೆಂದು ಆರಿದ ಸದ್ದು. ಕಡೆಗೆ ಅರೆಬೆಂದ ಬೇಳೆಯ ಮುಂದೆ ನಿಂತು ಅತ್ತಿಗೆ ಮಾತಾಡಿದ ವೀಡಿಯೊ. ಅಣ್ಣ ಗಲ್ಲಾದಲ್ಲಿ ಕೂತು ಇಷ್ಟನ್ನೂ ನೋಡಿ ಮುಗಿಸುವಾಗ ಊಟದ ಹೊತ್ತು ಮೀರಿತ್ತು.

"ಗ್ಯಾಸ್ ಇಲ್ಲ ಅಂತ ಒಂದು ಮಾತು ಹಾಕಿದ್ರೆ ಸಾಕಿತ್ತಲ್ಲ ಮಾರಾಯ್ತಿ?"

"ಓದುವವರಿಗೆ ಅನುಭವ ಆಗ್ಬೇಕು."

"ಅನುಭವ ಆಯ್ತು. ಊಟ ಒಂದು ಆಗ್ಲಿಲ್ಲ."

ಗುಜರಾತಿನಲ್ಲಿ ಬೆಳೆಯುವ ನಮ್ಮವರ ಮಕ್ಕಳಿಗೆ ಅತ್ತಿಗೆ ಪ್ರತಿ ಭಾನುವಾರ ಆನ್‌ಲೈನಿನಲ್ಲಿ ಕನ್ನಡ ಬರೆಯಲು ಕಲಿಸುತ್ತಾರೆ. ಜೊತೆಗೆ ವಡೋದರಾದ ಒಬ್ಬ ನಿವೃತ್ತ ಬ್ಯಾಂಕಿನವರು, ಅಹಮದಾಬಾದಿನ ಒಬ್ಬ ಟೀಚರು. ಹೀಗೆ ಕಲಿಸುವುದು ಹೇಗೆ ಎಂಬುದರ ಬಗ್ಗೆ ಮೂವರೂ ಸೇರಿ ಬರಹ, ಧ್ವನಿ, ವೀಡಿಯೊ ಎಲ್ಲ ಇರುವ ಒಂದು ಪ್ರಬಂಧ ಮಾಡಿ ವೆಬ್ ಪತ್ರಿಕೆಯೊಂದಕ್ಕೆ ಕಳಿಸಲು ಹೊರಟರು. ಮೂವರಿಗೂ ಒಂದೇ ಫೈಲು. ಮೂವರೂ ಮಹಾ ವಿನಯವಂತರು, ಕಷ್ಟ ಬಂದದ್ದೇ ಅಲ್ಲಿ! ಅವರು ಬರೆದದ್ದೇ ಚೆನ್ನಾಗಿದೆ ಎಂದು ಇವರು ತಮ್ಮದನ್ನು ಅಳಿಸಿದರು, ಇವರದೇ ಇರಲಿ ಎಂದು ಅವರೂ ಅಳಿಸಿದರು. ಸಂಜೆಗೆ ಫೈಲಿನಲ್ಲಿ ಉಳಿದದ್ದು ಮೂವರ ಹೆಸರು ಮಾತ್ರ. ಆಮೇಲೆ ಯಾರ ಹೆಸರು ಮೊದಲು ಎಂದು "ನೀವು, ನೀವು" ಶುರುವಾಯಿತು.

ಸೂರತ್ತಿನ ಪಕ್ಕದ ಹಜೀರಾದ ಕಾರ್ಖಾನೆ ಕಾಲೊನಿಯಲ್ಲಿ ನಮ್ಮ ಮನೆ. ನನ್ನ ಮಗಳೂ ಆ ತರಗತಿಯವಳೇ. ಸೂರತ್ತಿನಲ್ಲೇ ಹುಟ್ಟಿದವಳು. ಗುಜರಾತಿಯಲ್ಲಿ ಜಗಳಕ್ಕೆ ನಿಂತರೆ ಆಟೋದವರೂ ಸೋಲಬೇಕು. ಕನ್ನಡ ಬರೆಯಲು ಕೂತರೆ ಮಾತ್ರ ಬಾಯಿ ಬಂದ್, ಕ್ಯಾಮೆರಾವೂ ಬಂದ್. ಉಳಿದ ಮಕ್ಕಳು ನಗಾಡುತ್ತಾರೆಂಬ ಹೆದರಿಕೆ.

"ಪಪ್ಪಾ, ಈ ಸಂಡೇ ಲಾಸ್ಟ್. ಇನ್ನು ನಾನು ಕೂರಲ್ಲ" ಎಂದಳು ಒಂದು ದಿನ. ಈಗ ಬಿಟ್ಟರೆ ಇವಳು ಇನ್ನೆಂದೂ ಕನ್ನಡ ಬರೆಯುವುದಿಲ್ಲ ಎಂದು ಹೆದರಿ ಅತ್ತಿಗೆಗೆ ಫೋನ್ ಮಾಡಿದೆ. ಅತ್ತಿಗೆ ಆ ಭಾನುವಾರ ಅವಳೊಬ್ಬಳಿಗೇ ಬೇರೆ ತರಗತಿ ಮಾಡಿದರು. ಆಮೇಲೆ ಮಗಳು ಬಿಡುವ ಮಾತೇ ಎತ್ತಲಿಲ್ಲ. ಕೇಳಿದರೆ ಎಲ್ಲಿ ನೆನಪಾಗುತ್ತದೋ ಎಂದು ನಾನೂ ಕೇಳಲಿಲ್ಲ.

ಅಂತೂ ಮೂವರೂ ಮತ್ತೆ ಬರೆದು ಪ್ರಬಂಧ ಮುಗಿಸಿ ಕಳಿಸಿದರು. ಮಗಳ ಒಪ್ಪಿಗೆ ಪಡೆದು ಅತ್ತಿಗೆ ಆ ತರಗತಿಯ ವೀಡಿಯೊವನ್ನೇ ಪ್ರಬಂಧಕ್ಕೆ ಸೇರಿಸಿದ್ದರು. ಪತ್ರಿಕೆಯವರು ಎಲ್ಲ ಮೆಚ್ಚಿ, ಒಂದೇ ತಕರಾರು ತೆಗೆದರು: ಈ ವೀಡಿಯೊದಲ್ಲಿ ಬಹಳ ಹೊತ್ತು ಏನೂ ನಡೆಯುವುದಿಲ್ಲ, ಕತ್ತರಿಸಿ.

"ನಡೀತಾ ಉಂಟು. ಮಗು ಬರೀತಾ ಉಂಟು" ಎಂದರು ಅತ್ತಿಗೆ. "ಅದನ್ನು ತೆಗೆಯುವುದಾದರೆ ಪ್ರಬಂಧವೇ ಬೇಡ."

ಅಂಥದ್ದೇನಿದೆ ಎಂದು ನಾನೂ ವೀಡಿಯೊ ಹಾಕಿ ನೋಡಿದೆ. ತೆರೆಯ ಅರ್ಧ ಕಪ್ಪು. ಪೆನ್ಸಿಲಿನ ಸದ್ದು, ರಬ್ಬರ್ ಉಜ್ಜುವ ಸದ್ದು, ಮತ್ತೆ ಪೆನ್ಸಿಲು. ಇನ್ನರ್ಧದಲ್ಲಿ ನಮ್ಮತ್ತಿಗೆ, ಒಂದು ಮಾತೂ ಆಡದೆ, ಸುಮ್ಮನೆ ಕೂತಿದ್ದರು. ಕೊನೆಗೊಮ್ಮೆ ಕ್ಯಾಮೆರಾ ಆನ್ ಆಯಿತು. ಮಗಳು ಹಾಳೆಯನ್ನು ಮುಖದ ಹತ್ತಿರ ಹಿಡಿದು ತಡವರಿಸುತ್ತಾ ಓದಿದಳು:

"ನನಗೆ ಬೇಗ ಬರೆಯಲು ಬರುವುದಿಲ್ಲ. ದೊಡ್ಡಮ್ಮ ಕಾಯುತ್ತಾರೆ."

ನಾನು ಅತ್ತುಬಿಟ್ಟೆ.